ಅಪ್ಪನಿಗೊಂದು ಗಾಡಿ ಹುಡುಕುತ್ತಾ ನಾಲ್ಕು ಊರು

ಆಫೀಸಿನವರ ಜೊತೆ ಮಲ್ಪೆಗೆ ಹೋಗಿದ್ದಾಗ ಜೆಟ್ ಸ್ಕೀ ಮೇಲೆ ಕೂತ ಫೋಟೊ ಒಂದನ್ನು ಮನೆಗೆ ವಾಟ್ಸಾಪ್ ಮಾಡಿದ್ದೆ. ಅಮ್ಮ ‘ಹುಷಾರು’ ಅಂತ ಬರೆದಳು. ಅಪ್ಪ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ‘ನೀರ ಮೇಲೆ ಓಡೋ ಗಾಡಿನಾ ಅದು? ಲೀಟರಿಗೆ ಎಷ್ಟು ಕೊಡುತ್ತೆ?’

ನಮ್ಮ ಕಡೆಯವರು ಹಾಗೇ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಂದಿ ಸುತ್ತಲ ಬೆಟ್ಟಗಳಿಂದ ಪಿನಾಕಿನಿ, ಅರ್ಕಾವತಿಯಂಥ ನದಿಗಳು ಹುಟ್ಟುತ್ತವೆ ಅಂತ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಆದರೆ ವರ್ಷವಿಡೀ ಹರಿಯುವುದು ಒಂದೂ ಇಲ್ಲ. ನೀರಿನ ಮೇಲಿನ ಗಾಡಿ ನಮಗೆ ತಮಾಷೆ. ನೆಲದ ಮೇಲಿನ ಗಾಡಿ ಮಾತ್ರ ತಮಾಷೆಯಲ್ಲ. ಅದು ನಿಂತರೆ ಮನೆ ನಿಂತ ಹಾಗೆ.

ಕಳೆದ ಚಳಿಗಾಲದಲ್ಲಿ ಅಪ್ಪನ ಗಾಡಿ ನಿಂತೇಹೋಯಿತು. ಕೆಎ-07 ನಂಬರಿನ ಹಳೇ ಸ್ಪ್ಲೆಂಡರ್. 2007ರಲ್ಲಿ ಕೋಲಾರದಿಂದ ನಮ್ಮ ಜಿಲ್ಲೆ ಬೇರೆಯಾಗುವ ಮೊದಲು ಕೊಂಡದ್ದು. ಹದಿನೈದು ವರ್ಷಕ್ಕೆ ರಿಜಿಸ್ಟ್ರೇಷನ್ ಮುಗಿದು ಒಂದು ಸಲ ರಿನ್ಯೂ ಮಾಡಿಸಿಯೂ ಆಗಿತ್ತು. ಶಿಡ್ಲಘಟ್ಟದ ನಮ್ಮ ಮೆಕ್ಯಾನಿಕ್ ಅಣ್ಣ ಇಂಜಿನ್ ಬಿಚ್ಚಿ ನೋಡಿ, ‘ಇದಕ್ಕೆ ಇನ್ನು ದುಡ್ಡು ಸುರೀಬೇಡಿ’ ಅಂದುಬಿಟ್ಟ.

ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ, ಮನೆ ಹಿಂದೆ ಹುಳು ಮನೆ. ರೇಷ್ಮೆ ಹುಳು ಸಾಕಿದವರಿಗೆ ಗೊತ್ತು, ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹುಳುಗಳು ತಿನ್ನುವುದೇ ತಿನ್ನುವುದು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಆ ಕೊನೆಯ ಒಂದು ವಾರದಲ್ಲೇ ಖರ್ಚಾಗುತ್ತದೆ. ಹೊತ್ತುಹೊತ್ತಿಗೆ ತೋಟದಿಂದ ಸೊಪ್ಪು ಬರಲೇಬೇಕು. ಹುಳುವಿಗೆ ‘ಗಾಡಿ ಕೆಟ್ಟಿದೆ, ನಾಳೆ ತಿನ್ನು’ ಅನ್ನೋಕಾಗಲ್ಲ.

ಹೊಸ ಸ್ಕೂಟರ್ ತಗೊಳ್ಳೋಣ, ಇಎಂಐ ನಾನು ಕಟ್ಟುತ್ತೇನೆ ಅಂದೆ. ಅಪ್ಪ ಒಪ್ಪಲಿಲ್ಲ. ‘ಸೊಪ್ಪು ಹೇರೋ ಗಾಡಿಗೆ ಹೊಸದ್ಯಾಕಪ್ಪಾ? ನಿನ್ನ ಸಾಲ ಮೊದಲು ತೀರಿಸ್ಕೊ.’ ಹಿಂದಿನ ಬೆಳೆಯ ಗೂಡಿನ ದುಡ್ಡಿನಲ್ಲಿ ನಲವತ್ತೈದು ಸಾವಿರ ತೆಗೆದಿಟ್ಟಿದ್ದರು. ಸೆಕೆಂಡ್ ಹ್ಯಾಂಡ್ ಆಗಬೇಕು, ಸ್ಪ್ಲೆಂಡರೇ ಆಗಬೇಕು. ಇವೆರಡು ಅವರ ಷರತ್ತು.

ಮೂರನೆಯದನ್ನು ಮೆಕ್ಯಾನಿಕ್ ಅಣ್ಣ ಸೇರಿಸಿದ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದು, ಇಂಥ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ‘ಕಾರ್ಬುರೇಟರ್ ಇದ್ರೆ ನಾನು ಇಲ್ಲೇ ಕೂತು ಸರಿ ಮಾಡ್ತೀನಿ’ ಅಂದ. ನಾನು ನಾಲ್ಕನೆಯದನ್ನು ಸೇರಿಸಿದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ, ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಹಿಡಿತ ಸಿಗುವ ಸಿಬಿಎಸ್ ಕಡ್ಡಾಯವಾಯಿತು. ಅಂದರೆ ನಮಗೆ ಬೇಕಾದದ್ದು 2019ರ ಏಪ್ರಿಲ್‌ನಿಂದ 2020ರ ಮಾರ್ಚ್ ನಡುವಿನ ಗಾಡಿ. ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಮಾಡಿಕೊಂಡು, ಅಪ್ಪನನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ.

ಚಿಕ್ಕಬಳ್ಳಾಪುರ: ಬಿಸಿ ಇಂಜಿನ್

ಶನಿವಾರ ಬೆಳಿಗ್ಗೆ ಬಿ.ಬಿ. ರಸ್ತೆಯ ಒಂದು ಅಂಗಡಿ. ಇಪ್ಪತ್ತು ಇಪ್ಪತ್ತೈದು ಬೈಕುಗಳು ಸಾಲಾಗಿ ಮಿಂಚುತ್ತಾ ನಿಂತಿದ್ದವು. ಹಿಂದಿನ ದಿನವೇ ಫೋನ್ ಮಾಡಿ ಬರುತ್ತೇವೆ ಅಂದಿದ್ದೆ. ‘ಸಿಂಗಲ್ ಓನರ್ ಸಾರ್, ಇಪ್ಪತ್ತೊಂದು ಸಾವಿರ ಕಿಲೋಮೀಟರ್ ಅಷ್ಟೇ. ಮೇಷ್ಟ್ರು ಗಾಡಿ’ ಅಂದರು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಎಲ್ಲ ಗಾಡಿಗಳೂ ಮೇಷ್ಟ್ರದ್ದೇ ಆಗಿರುತ್ತವೆ!

ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ನನಗೆ ಖುಷಿ. ಅಪ್ಪ ಮಾತಾಡದೆ ಬಗ್ಗಿ ಇಂಜಿನ್ನಿನ ಹತ್ತಿರ ಅಂಗೈ ಹಿಮ್ಮುಖ ಮಾಡಿ ಹಿಡಿದರು. ‘ಮುಟ್ಟಿ ನೋಡು’ ಅಂದರು. ಬಿಸಿ. ಆ ಚಳಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಇಂಜಿನ್ ಬಿಸಿ ಇದೆ ಅಂದರೆ, ನಾವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾರೆ. ತಣ್ಣಗಿರುವ ಇಂಜಿನ್ ಹೇಗೆ ಸ್ಟಾರ್ಟ್ ಆಗುತ್ತೆ, ಎಷ್ಟು ಚೋಕ್ ಕೇಳುತ್ತೆ, ಮೊದಲ ಹೊಗೆ ಯಾವ ಬಣ್ಣ, ಇದ್ಯಾವುದೂ ನಮಗೆ ಗೊತ್ತಾಗಲ್ಲ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಅಂತ. ಬಿಸಿಯಾದ ಮೇಲೆ ಎಷ್ಟೋ ಗಾಡಿಗಳು ಒಳ್ಳೇ ಮಕ್ಕಳಾಗಿಬಿಡುತ್ತವೆ.

ನಾನು ಟೈರ್ ನೋಡಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಗಾಡಿ 2019ರದ್ದು, ಟೈರ್ ಎರಡೂ 2023ರವು. ಬರೀ ಇಪ್ಪತ್ತೊಂದು ಸಾವಿರ ಓಡಿದ ಗಾಡಿಗೆ ಎರಡೂ ಟೈರ್ ಯಾಕೆ ಬದಲಾಯಿಸಿದರು? ಫುಟ್‌ರೆಸ್ಟ್ ರಬ್ಬರ್ ಹೊಸದು, ಆದರೆ ಬ್ರೇಕ್ ಪೆಡಲಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಮೀಟರ್ ಸುಳ್ಳು ಹೇಳಬಹುದು. ಸವೆದ ಪೆಡಲ್‌ಗೆ ಸುಳ್ಳು ಹೇಳಿಕೊಡೋದು ಕಷ್ಟ.

ಟೆಸ್ಟ್ ರೈಡ್ ಕೇಳಿದರೆ ‘ಇಲ್ಲೇ ಸರ್ಕಲ್ ತನಕ ಹೋಗಿಬನ್ನಿ’ ಅಂದರು. ಅಷ್ಟರಲ್ಲಿ ನಾಲ್ಕನೇ ಗೇರಿಗೂ ಹೋಗಲ್ಲ. ನಮಸ್ಕಾರ ಹೇಳಿ ಹೊರಟೆವು.

ಮುಂದಿನ ಗಾಡಿ ಗೌರಿಬಿದನೂರಿನಲ್ಲಿತ್ತು. ಅದಕ್ಕೆ ಮೊದಲು ಕಂದವಾರ ಕೆರೆಯ ಹತ್ತಿರ ಟೀ ಕುಡಿದೆವು. ನಾನು ಚಿಕ್ಕವನಿದ್ದಾಗ ನೋಡಿದ ನಮ್ಮ ಕಡೆಯ ಕೆರೆಗಳೆಂದರೆ ಜಾಲಿ ಗಿಡ, ಬಿರುಕು ಬಿಟ್ಟ ಮಣ್ಣು, ಕ್ರಿಕೆಟ್ ಪಿಚ್. ಈಗ ಎಚ್.ಎನ್. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿಯ ಕೆರೆಗಳಿಗೆ ಬರುತ್ತದೆ. ಎರಡು ಹಂತ ಶುದ್ಧ ಮಾಡಿ ಬಿಡುತ್ತಾರೆ, ಮೂರನೇ ಹಂತವೂ ಆಗಬೇಕು ಅಂತ ರೈತರು ಕೇಳುತ್ತಲೇ ಇದ್ದಾರೆ. ಆ ವಾದ ಏನೇ ಇರಲಿ, ನೀರು ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಅಪ್ಪ ಗ್ಲಾಸ್ ಕೆಳಗಿಟ್ಟು ಅಂದರು: ‘ಬೇಕಾದ್ರೆ ಈಗ ನಿನ್ನ ನೀರಿನ ಗಾಡಿ ಇಲ್ಲಿ ಓಡಿಸ್ಬೋದು ನೋಡು.’

ಗೌರಿಬಿದನೂರು: ಬ್ರೇಕ್

ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋದೆವು. ಮಾರುವವರು ಕಾರ್ಖಾನೆಯಲ್ಲಿ ಕೆಲಸ ಮಾಡುವ ಯುವಕ, ನಮ್ಮ ಚಿಕ್ಕಮ್ಮನ ಮನೆಯವರಿಗೆ ಪರಿಚಯ. ಪಾಳಿ ಮುಗಿಸಿ ಬಂದು ಕಾಯುತ್ತಿದ್ದರು. ಗಾಡಿಯನ್ನು ಒರೆಸಿಯೂ ಇರಲಿಲ್ಲ. ಧೂಳು ಹಾಗೇ ಇತ್ತು. ಅದು ನನಗೆ ಇಷ್ಟವಾಯಿತು. ಆಯಿಲ್ ಸೋರಿದ್ದರೆ ಧೂಳಿನ ಮೇಲೆ ಕಪ್ಪಗೆ ಅಂಟಿ ಕಾಣುತ್ತದೆ. ಎಲ್ಲೂ ಕಾಣಲಿಲ್ಲ.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಭಾರ ಬಿಟ್ಟು ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲ್ ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿದೆ. ನಡುವೆ ಕಟ್ ಅಂತ ಸಿಕ್ಕಿಕೊಂಡರೆ ಕೋನ್‌ಸೆಟ್ ಹೋಗಿದೆ ಅಂತ. ಇದು ಬೆಣ್ಣೆಯ ಹಾಗೆ ತಿರುಗಿತು. ಚೈನನ್ನು ಹಿಂದಿನ ಸ್ಪ್ರಾಕೆಟ್ ಹತ್ತಿರ ಹಿಡಿದು ಎಳೆದೆ. ಹಲ್ಲುಗಳಿಂದ ಮೇಲೆದ್ದು ಬರಲಿಲ್ಲ. ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರೂ ಆಟ ಇಲ್ಲ. ಇಂಜಿನ್ ತಣ್ಣಗಿತ್ತು, ಎರಡನೇ ಕಿಕ್‌ಗೆ ಎದ್ದಿತು, ಹೊಗೆಯಲ್ಲಿ ಬಣ್ಣವಿಲ್ಲ.

‘ವಿದುರಾಶ್ವತ್ಥದ ತನಕ ಹೋಗಿಬನ್ನಿ ಸಾರ್, ನನ್ನ ಹತ್ರ ನಿಮ್ಮ ಬೈಕ್ ಇರತ್ತಲ್ಲ’ ಅಂತ ನಕ್ಕರು ಯುವಕ. ಟೆಸ್ಟ್ ರೈಡ್ ಅಂದರೆ ಹೀಗಿರಬೇಕು. ಅಪ್ಪ ಓಡಿಸಿದರು, ನಾನು ಹಿಂದೆ ಕೂತೆ.

ಅಲ್ಲೇ ಆದದ್ದು ಅದು. ಊರು ದಾಟಿದ ಮೇಲೆ ಎಡಗಡೆಯಿಂದ ಕುರಿ ಮಂದೆಯೊಂದು ರಸ್ತೆಗೆ ಇಳಿಯಿತು. ನನಗೆ ದೂರದಿಂದಲೇ ಕಂಡಿತು. ಅಪ್ಪನಿಗೂ ಕಂಡಿರಬೇಕು, ಆಕ್ಸಿಲರೇಟರ್ ಬಿಟ್ಟರು. ಆದರೆ ಬ್ರೇಕ್ ಬರಲಿಲ್ಲ. ಒಂದು ಕ್ಷಣ, ಇನ್ನೊಂದು ಕ್ಷಣ. ಆಮೇಲೆ ಒಂದೇ ಸಲ ಜೋರಾಗಿ ಹಿಡಿದು, ಕೊನೇ ಕುರಿಯ ಬಾಲದ ಹತ್ತಿರ ನಿಂತೆವು. ಕುರಿ ಕಾಯುವ ಅಜ್ಜ ಬೈದುಕೊಂಡು ಹೋದ.

‘ಬ್ರೇಕ್ ಸರಿ ಇಲ್ಲ ಈ ಗಾಡೀದು’ ಅಂದರು ಅಪ್ಪ.

ವಿದುರಾಶ್ವತ್ಥದಲ್ಲಿ ಇಳಿದೆವು. ಸಾಲುಸಾಲು ನಾಗರಕಲ್ಲುಗಳು, ಆಚೆ ಪಿನಾಕಿನಿಯ ಮರಳು. ಇದು ಪೂಜೆಯ ಜಾಗವಷ್ಟೇ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತಿದ್ದ ಕಾಲ. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆದ ಕೆಲವೇ ದಿನಗಳಲ್ಲಿ, ಏಪ್ರಿಲ್ 25ರಂದು ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಕರೆಯುವುದು ಅದಕ್ಕೇ. ಸ್ಮಾರಕದ ಮುಂದೆ ಅಪ್ಪ ಸ್ವಲ್ಪ ಹೊತ್ತು ಕೂತರು. ಬಲ ಮೊಣಕಾಲನ್ನು ಕೈಯಲ್ಲಿ ಒತ್ತಿಕೊಳ್ಳುತ್ತಿದ್ದರು. ನಾನು ನೋಡಿದೆ. ಅವರು ಕೈ ತೆಗೆದರು.

ವಾಪಸ್ ಬರುವಾಗ ನಾನು ಓಡಿಸಿದೆ. ಖಾಲಿ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಬ್ರೇಕ್ ಹಿಡಿದು ನೋಡಿದೆ, ಮತ್ತೆ ಒಂದು ಸಲ. ಕೂಡಲೇ ಹಿಡಿಯುತ್ತಿತ್ತು, ನೇರವಾಗಿ ನಿಲ್ಲುತ್ತಿತ್ತು. ಗಾಡಿಯ ಬ್ರೇಕಿನಲ್ಲಿ ಏನೂ ತೊಂದರೆ ಇರಲಿಲ್ಲ. ಸ್ಪ್ಲೆಂಡರಿನ ಹಿಂದಿನ ಬ್ರೇಕ್ ಬಲಗಾಲಿನಲ್ಲಿ ಒತ್ತುವುದು.

ಅಪ್ಪನಿಗೆ ಹೇಳಲಿಲ್ಲ. ಹೇಳಬೇಕಿತ್ತೇನೋ. ಯುವಕನ ಮನೆ ಮುಂದೆ ಅವರು ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಲು ಹೋದರು. ಎರಡು ಸಲ ಆಗಲಿಲ್ಲ. ಮೂರನೇ ಸಲಕ್ಕೆ ಆ ಹುಡುಗ ಮಾತಾಡದೆ ಹಿಂದಿನಿಂದ ಕೈಕೊಟ್ಟ.

ಕೊನೆಗೆ ಆ ಗಾಡಿ ತಪ್ಪಿದ್ದು ಬೇರೆ ಕಾರಣಕ್ಕೆ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಇನ್ನೂ ಫೈನಾನ್ಸ್ ಕಂಪನಿಯ ಹೆಸರು ತೋರಿಸುತ್ತಿತ್ತು. ‘ಕಂತೆಲ್ಲಾ ಯಾವಾಗ್ಲೋ ಮುಗೀತಲ್ಲ ಸಾರ್’ ಅಂದರು ಯುವಕ. ಸುಳ್ಳಲ್ಲ, ಕಟ್ಟಿದ ರಸೀದಿಗಳೂ ಇದ್ದವು. ಆದರೆ ಕಂತು ಮುಗಿದರೆ ಸಾಲದು. ಫೈನಾನ್ಸ್‌ನವರಿಂದ ಎನ್‌ಒಸಿ ಮತ್ತು ಫಾರಂ 35 ತಗೊಂಡು ಆರ್‌ಟಿಒದಲ್ಲಿ ಕೊಟ್ಟು, ಆರ್‌ಸಿಯಿಂದ ಅವರ ಹೆಸರು ತೆಗೆಸಬೇಕು. ಅಲ್ಲಿಯವರೆಗೆ ನಮ್ಮ ಹೆಸರಿಗೆ ಗಾಡಿ ಆಗುವುದಿಲ್ಲ. ಹೇಗೆ ಮಾಡಿಸಬೇಕು ಅಂತ ಅವರಿಗೆ ವಾಟ್ಸಾಪ್‌ನಲ್ಲಿ ಬರೆದುಕೊಟ್ಟೆ. ನಮಗೆ ಅಷ್ಟು ದಿನ ಕಾಯಲು ಆಗುತ್ತಿರಲಿಲ್ಲ. ಮನೆಯಲ್ಲಿ ಹುಳು ಎರಡನೇ ಜ್ವರಕ್ಕೆ ಕೂತಿತ್ತು.

ಚಿಂತಾಮಣಿ: ನೀರಿನ ಗೆರೆ

ಮಾರನೇ ದಿನ ಭಾನುವಾರ ಚಿಂತಾಮಣಿ. ಶಿಡ್ಲಘಟ್ಟದಿಂದ ಹೋಗುವ ದಾರಿಯಲ್ಲಿ ಕೈವಾರದ ಕಡೆ ಹೊರಳುವ ಕ್ರಾಸ್ ಬಂದಾಗ ಅಪ್ಪ ಎಂದಿನಂತೆ ತಾತಯ್ಯನವರಿಗೆ ಅಂತ ಕೈ ಎತ್ತಿ ಮುಗಿದರು. ಬಂಡೆಗಳ ಗುಡ್ಡ, ಟೊಮೆಟೊ ತೋಟ, ಮತ್ತೆ ಬಂಡೆಗಳ ಗುಡ್ಡ.

ಕೆಎ-67 ನಂಬರಿನ ಗಾಡಿ. ಮಾರುವವನು ಟೊಮೆಟೊ ವ್ಯಾಪಾರದ ಹುಡುಗ. ನಮ್ಮ ಗಡಿ ಊರುಗಳಲ್ಲಿ ವ್ಯಾಪಾರ ಅಂದರೆ ಅರ್ಧ ಕನ್ನಡ, ಅರ್ಧ ತೆಲುಗು. ಅವನು ‘ಬಂಡಿ ಬಾಗುಂದಿ’ ಅಂದ, ಗಾಡಿ ಚೆನ್ನಾಗಿದೆ ಅಂತ. ಅಪ್ಪ ತೆಲುಗಿನಲ್ಲೇ ಏನೇನೋ ಕೇಳಿ ಹತ್ತು ನಿಮಿಷದಲ್ಲಿ ಅವನ ಅಜ್ಜಿ ಊರು ಯಾವುದು ಅನ್ನುವ ತನಕ ಹೋಗಿದ್ದರು. ನಾನು ಅಷ್ಟರಲ್ಲಿ ಪೇಪರ್ ನೋಡಿದೆ. ಸಾಲ ಇಲ್ಲ, ಇನ್ಶೂರೆನ್ಸ್ ಇದೆ, ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತದೆ. ಬೆಲೆಯೂ ನಮ್ಮ ನಲವತ್ತೈದರ ಒಳಗೇ ಇತ್ತು.

ಓಡಿಸಿ ನೋಡಿದೆ. ಗೇರು ಚೆನ್ನಾಗಿ ಬೀಳುತ್ತಿತ್ತು. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದರೆ ಇಂಜಿನ್ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಹೋಗಿದೆ ಅಂತ. ಅದೂ ಸರಿ ಇತ್ತು. ಪಟ್ಟಿಯಲ್ಲಿ ಎಲ್ಲಕ್ಕೂ ಟಿಕ್ ಹಾಕಿದೆ.

ಅಪ್ಪ ಮಾತ್ರ, ‘ಖಾಲಿ ಗಾಡಿ ಓಡಿಸಿದ್ರೆ ಏನು ಗೊತ್ತಾಗತ್ತೆ?’ ಅಂದರು. ಹುಡುಗನ ಹತ್ತಿರ ಎರಡು ಟೊಮೆಟೊ ಬಾಕ್ಸ್ ಕೇಳಿದರು. ಒಂದೊಂದು ಹದಿನೈದು ಕೆಜಿ. ಕ್ಯಾರಿಯರ್‌ಗೆ ಕಟ್ಟಿ, ಮೇಲೆ ಇನ್ನೆರಡು ಇಟ್ಟು, ‘ಈಗ ಓಡಿಸು’ ಅಂದರು.

ಆಫೀಸಿನಲ್ಲಿ ನಾವು ಇದಕ್ಕೆ ಲೋಡ್ ಟೆಸ್ಟ್ ಅಂತೀವಿ. ಒಬ್ಬ ಬಳಸಿದಾಗ ಚೆನ್ನಾಗಿ ನಡೆಯುವ ಆ್ಯಪ್ ಹತ್ತು ಸಾವಿರ ಜನ ಬಂದಾಗ ಬಿದ್ದುಹೋಗುತ್ತದೆ, ಆದ್ದರಿಂದ ಮೊದಲೇ ಭಾರ ಹಾಕಿ ನೋಡುತ್ತೇವೆ. ಅದನ್ನೇ ಸಂಬಳಕ್ಕೆ ಮಾಡುವ ನನಗೆ ಗಾಡಿಯ ವಿಷಯದಲ್ಲಿ ಹೊಳೆದಿರಲಿಲ್ಲ. ಅರವತ್ತು ಕೆಜಿ ಹೊತ್ತು ಮೂವತ್ತರ ವೇಗ ದಾಟಿದ್ದೇ ತಡ, ಹಿಂಭಾಗ ಮೀನಿನ ಬಾಲದ ಹಾಗೆ ಅಲ್ಲಾಡತೊಡಗಿತು.

ಕಾರಣ ಗೊತ್ತಾದದ್ದು ನೀರಿನಿಂದ. ಮುಂದೆ ಹೋದ ನೀರಿನ ಟ್ಯಾಂಕರ್ ರಸ್ತೆ ತುಂಬಾ ಚೆಲ್ಲಿಕೊಂಡು ಹೋಗಿತ್ತು. ಆ ಒದ್ದೆಯ ಮೇಲೆ ಹಾದು ಒಣ ರಸ್ತೆಗೆ ನೇರವಾಗಿ ಓಡಿಸಿ, ಇಳಿದು ಹಿಂದೆ ನೋಡಿದೆ. ಗಾಡಿ ನೆಟ್ಟಗಿದ್ದರೆ ಮುಂದಿನ ಚಕ್ರದ ಗೆರೆಯ ಮೇಲೇ ಹಿಂದಿನ ಚಕ್ರದ ಗೆರೆ ಬೀಳಬೇಕು. ಇಲ್ಲಿ ಎರಡು ಗೆರೆ ಎರಡು ಬೆರಳು ಅಂತರದಲ್ಲಿ ಜೋಡಿಯಾಗಿ ಓಡಿದ್ದವು. ಎಂದೋ ಬಿದ್ದು ಚಾಸಿಯೋ ಹಿಂದಿನ ಸ್ವಿಂಗ್ ಆರ್ಮೋ ಬಾಗಿತ್ತು.

ಹುಡುಗನಿಗೆ ತೋರಿಸಿದೆ. ಮುಖ ಸಪ್ಪಗಾಯಿತು. ಅವನೂ ಎರಡನೇ ಮಾಲೀಕ. ಅವನಿಗೆ ಮಾರಿದವರು ಹೇಳಿರಲಿಲ್ಲ. ಈ ಒಂದು ವರ್ಷ ಅದೇ ಗಾಡಿಯಲ್ಲಿ ಬೆಳಗಿನ ಜಾವ ಮಾರ್ಕೆಟ್ಟಿಗೆ ಬಾಕ್ಸ್ ಹೊತ್ತಿದ್ದಾನೆ. ‘ಭಾರ ಹಾಕಿದ್ರೆ ಎಲ್ಲಾ ಗಾಡೀನೂ ಹಂಗೇ ಅಲ್ಲಾಡತ್ತೆ ಅನ್ಕೊಂಡಿದ್ದೆ ಅಣ್ಣಾ’ ಅಂದ. ಮಾರುವುದಿರಲಿ, ಮೊದಲು ತೋರಿಸಿ ನೆಟ್ಟಗೆ ಮಾಡಿಸ್ಕೊ ಅಂತ ಅಪ್ಪ ಅವನಿಗೆ ಹೇಳಿ ಬಂದರು.

ಶಿಡ್ಲಘಟ್ಟ: ನಮ್ಮೂರಿನ ಗಾಡಿ

ಸಂಜೆ ಊರಿಗೆ ಬಂದೆವು. ನಮ್ಮ ಶಿಡ್ಲಘಟ್ಟದ ಕೆಲವು ಬೀದಿಗಳಲ್ಲಿ ಕಣ್ಣು ಮುಚ್ಚಿಕೊಂಡು ಹೋದರೂ ಊರು ಗೊತ್ತಾಗುತ್ತದೆ. ಗೂಡು ಬೇಯಿಸುವ ಬಿಸಿನೀರಿನ ವಾಸನೆ, ನೂಲು ಬಿಚ್ಚುವ ಯಂತ್ರಗಳ ಒಂದೇ ಸಮನೆ ಸದ್ದು. ಅಂಥ ಒಂದು ಬೀದಿಯಲ್ಲಿ ಅಪ್ಪ ನನ್ನ ಭುಜ ತಟ್ಟಿ ನಿಲ್ಲಿಸಿದರು. ಒಂದು ರೀಲಿಂಗ್ ಘಟಕದ ಮುಂದೆ ಟಿವಿಎಸ್ ಎಕ್ಸೆಲ್ 100 ನಿಂತಿತ್ತು. ಅದರ ಮೇಲೆ ‘ಮಾರಾಟಕ್ಕಿದೆ’ ಅಂತ ರಟ್ಟಿನ ಚೀಟಿ.

‘ಅದನ್ನೂ ಒಂದು ಸಲ ನೋಡೋಣ’ ಅಂದರು.

ನನಗೆ ಆಶ್ಚರ್ಯ. ಎಕ್ಸೆಲ್ ಅಂದರೆ ನಮ್ಮಪ್ಪನಿಗೆ ಅಷ್ಟಕ್ಕಷ್ಟೆ. ಮದುವೆಗೆ ಹೋಗೋ ಗಾಡಿ ಅಲ್ಲ ಅದು ಅನ್ನುತ್ತಿದ್ದರು. ಹಳೇ ಸ್ಪ್ಲೆಂಡರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಕೈವಾರಕ್ಕೆ ಹೋಗುತ್ತಿದ್ದ ಮನುಷ್ಯ.

ಘಟಕದ ಯಜಮಾನರು ಅಪ್ಪನಿಗೆ ಗೂಡಿನ ಮಾರುಕಟ್ಟೆಯಿಂದ ಹಳೇ ಪರಿಚಯ. ಇವರು ಅವರನ್ನು ‘ಭಾಯ್’ ಅಂತಾರೆ, ಅವರು ಇವರನ್ನು ‘ಯಜಮಾನ್ರೇ’ ಅಂತಾರೆ. ಎಷ್ಟೋ ಸಲ ನಮ್ಮ ಗೂಡಿಗೆ ಹರಾಜಿನಲ್ಲಿ ಕಡಿಮೆ ಕೂಗಿದವರು ಅಂತ ಅಪ್ಪ ಮನೆಯಲ್ಲಿ ಗೊಣಗಿದ್ದೂ ಇದೆ. ಈಗ ಘಟಕ ಅರ್ಧ ನಿಲ್ಲಿಸಿದ್ದರು. ಕೆಲಸಕ್ಕೆ ಜನ ಸಿಗಲ್ಲ, ಮಗ ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ, ಎರಡು ಗಾಡಿ ಯಾಕೆ ಅಂದರು.

‘ಈಗ ನೋಡ್ಬೇಡಿ’ ಅಂದರು ಅವರೇ. ‘ದಿನಾ ಓಡ್ಸಿ ಬಿಸಿ ಆಗಿದೆ. ನಾಳೆ ಬೆಳಿಗ್ಗೆ ಬನ್ನಿ, ತಣ್ಣಗಿರೋವಾಗ ನೋಡಿ.’

ಸೋಮವಾರ ಆಫೀಸಿಗೆ ರಜೆ ಹಾಕಿದೆ. ಆರೂವರೆಗೆ ಮಂಜು ಇನ್ನೂ ಇಳಿಯುತ್ತಿತ್ತು. ಸ್ವಿಚ್ ಒತ್ತಿದರು, ಮೂರನೇ ಸಲಕ್ಕೆ ಎದ್ದಿತು. ‘ಚಳೀಲಿ ಮೂರು ಸಲ ಕೇಳತ್ತೆ. ಹಿಂದಿನ ಟೈರ್ ಮೂರು ತಿಂಗಳಲ್ಲಿ ಹಾಕಿಸ್ಬೇಕು. ಸ್ಪೀಡೋಮೀಟರ್ ಕೇಬಲ್ ಕಟ್ಟಾಗಿದೆ, ಎಷ್ಟು ಓಡಿದೆ ಅಂತ ನನಗೂ ಗೊತ್ತಿಲ್ಲ. ಸೈಲೆನ್ಸರ್ ಒಂದ್ಸಲ ವೆಲ್ಡಿಂಗ್ ಆಗಿದೆ’ ಅಂತ ಒಂದೊಂದಾಗಿ ಹೇಳಿದರು. ನನ್ನ ಪಟ್ಟಿಯಲ್ಲಿ ಬರೆದುಕೊಳ್ಳಬೇಕಿದ್ದ ತಪ್ಪುಗಳನ್ನೆಲ್ಲ ಮಾರುವವರೇ ಬರೆಸಿದರು. ಮಿಕ್ಕದ್ದನ್ನು ನಾನು ನೋಡಿದೆ. 2019ರ ಕೊನೆಯ ಗಾಡಿ, ಸಾಲ ಇಲ್ಲ, ಚಾಸಿ ನಂಬರ್ ಸರಿ.

ಅಪ್ಪ ಓಡಿಸಿದರು. ಈ ಸಲ ಮುಂದೆ ಕಾಲಿಡುವ ಜಾಗದಲ್ಲಿ ಒಂದು ಹೊರೆ, ಹಿಂದೆ ಒಂದು ಹೊರೆ ಕಡ್ಡಿ ಸೊಪ್ಪು. ಗೇರಿಲ್ಲ, ಕ್ಲಚ್ಚಿಲ್ಲ. ಎರಡು ಬ್ರೇಕೂ ಕೈಯಲ್ಲೇ. ಸ್ಪ್ಲೆಂಡರಿಗಿಂತ ಇಪ್ಪತ್ತು ಕೆಜಿಗೂ ಹೆಚ್ಚು ಹಗುರ. ತೋಟದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿದರು. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನೋಡಿದರು. ನಾನು ನನ್ನ ಬೈಕಿನಲ್ಲಿ ಹಿಂದೆ ಹಿಂದೆ ಹೋದೆ. ಮನೆ ಮುಂದೆ ಬಂದು, ಇಳಿದು, ಒಬ್ಬರೇ ಸ್ಟ್ಯಾಂಡ್ ಹಾಕಿದರು. ಒಂದೇ ಸಲಕ್ಕೆ.

ಚೌಕಾಸಿ ಹೆಚ್ಚೇನೂ ಆಗಲಿಲ್ಲ. ಮೂವತ್ತು ಅಂದರು, ಟೈರಿನ ಲೆಕ್ಕ ಹಾಕಿ ಇಪ್ಪತ್ತೆಂಟಕ್ಕೆ ಮುಗಿಯಿತು. ಫಾರಂ 29, ಫಾರಂ 30ಕ್ಕೆ ಅಲ್ಲೇ ಸಹಿ ಹಾಕಿಸಿಕೊಂಡೆ. ‘ನಮ್ಮಲ್ಲಿ ಏನಪ್ಪಾ ಪೇಪರು, ನಿಧಾನಕ್ಕೆ ಆಗತ್ತೆ ಬಿಡು’ ಅಂದರು ಅಪ್ಪ. ಇಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಹೆಸರು ಬದಲಾಗದ ಗಾಡಿ ಅಪಘಾತವಾದರೆ ಮಾರಿದವರ ಬಾಗಿಲಿಗೆ ಪೊಲೀಸರು ಹೋಗುತ್ತಾರೆ. ಒಳ್ಳೆಯ ಮಾತಾಡಿ ಗಾಡಿ ಕೊಟ್ಟ ಮನುಷ್ಯನಿಗೆ ನಾವು ಕೊಡಬೇಕಾದ ಮರ್ಯಾದೆ ಅದು.

ನೀವೂ ಹೋಗುವುದಾದರೆ

ಓದುವವರಲ್ಲಿ ಊರಿನ ಮನೆಗೆ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕುತ್ತಿರುವವರು ಇದ್ದೇ ಇರುತ್ತೀರಿ. ಮೂರು ದಿನ ಸುತ್ತಿ ಕಲಿತದ್ದು ಇಷ್ಟು:

ಬೆಳಿಗ್ಗೆಯೇ ಹೋಗಿ, ಇಂಜಿನ್ ತಣ್ಣಗಿರುವಾಗಲೇ ನೋಡಿ. ಬಿಸಿ ಇದ್ದರೆ ‘ಆರಲಿ, ಕಾಯ್ತೀವಿ’ ಅನ್ನಿ.

ಮೀಟರ್ ಮಾತ್ರ ನಂಬಬೇಡಿ. ಪೆಡಲ್, ಹ್ಯಾಂಡಲ್ ಗ್ರಿಪ್, ಸೀಟು, ಟೈರಿನ ತಾರೀಖು ಇವನ್ನೂ ಕೇಳಿ.

ಆ್ಯಪಿನಲ್ಲಿ ಸಾಲ, ಇನ್ಶೂರೆನ್ಸ್ ನೋಡಿ. ಆರ್‌ಸಿಯ ಚಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ಅಕ್ಷರ ಅಕ್ಷರ ಹೊಂದಿಸಿ. ಬಾಕಿ ದಂಡ ಇದೆಯಾ ಅಂತಲೂ ನೋಡಿ.

ಒದ್ದೆ ನೆಲದ ಮೇಲೆ ಹಾದು ಎರಡು ಚಕ್ರದ ಗೆರೆ ನೋಡುವುದಕ್ಕೆ ಒಂದು ಬಕೆಟ್ ನೀರು ಸಾಕು.

ಮುಂದೆ ಯಾವ ಕೆಲಸಕ್ಕೆ ಬಳಸುತ್ತೀರೋ ಅದೇ ಭಾರ ಹಾಕಿ ಓಡಿಸಿ. ಹೆಂಡತಿ ಮಗು ಕೂರುವುದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.

ಹೆಸರು ವರ್ಗಾವಣೆ ಮುಂದಕ್ಕೆ ಹಾಕಬೇಡಿ. ಕಾನೂನಿನ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ.

ಕೊನೆಯದು, ಮುಖ್ಯವಾದದ್ದು. ಯಾರು ಓಡಿಸುತ್ತಾರೋ ಅವರೇ ಟೆಸ್ಟ್ ರೈಡ್ ಮಾಡಲಿ, ನೀವು ಹಿಂದೆ ಕೂತು ಗಮನಿಸಿ. ನಾನು ಬೆಂಗಳೂರಿನಲ್ಲಿ ಕೂತು ಆನ್‌ಲೈನಿನಲ್ಲಿ ಒಂದು ಸ್ಪ್ಲೆಂಡರ್ ಬುಕ್ ಮಾಡಿ ಮನೆಗೆ ಕಳಿಸಿದ್ದರೆ ಪೇಪರ್, ಇಂಜಿನ್, ಟೈರ್ ಎಲ್ಲ ಸರಿಯೇ ಇರುತ್ತಿತ್ತು. ಆ ಕುರಿ ಮಂದೆ ಮಾತ್ರ ನನಗೆ ಗೊತ್ತಾಗುತ್ತಿರಲಿಲ್ಲ.

ಸೋಮವಾರ ರಾತ್ರಿ ಬೆಂಗಳೂರಿಗೆ ಹೊರಟಾಗ ಅಪ್ಪ ಗಾಡಿಯ ಹತ್ತಿರ ಬಟ್ಟೆ ಹಿಡಿದು ನಿಂತಿದ್ದರು. ಒರೆಸುತ್ತಲೇ, ನನ್ನ ಕಡೆ ನೋಡದೆ ಕೇಳಿದರು: ‘ಆ ಗೌರಿಬಿದನೂರಿನ ಗಾಡಿ ಬ್ರೇಕು... ಚೆನ್ನಾಗೇ ಇತ್ತು ಅಲ್ವಾ?’

‘ಹೂಂ ಅಪ್ಪ. ಚೆನ್ನಾಗಿತ್ತು.’

‘ಹಂಗೇ ಅನ್ಕೊಂಡೆ.’

ಮುಂದಿನ ವಾರ ಮೊಣಕಾಲು ತೋರಿಸೋಕೆ ಡಾಕ್ಟರ ಹತ್ತಿರ ಹೋಗೋಣ ಅಂದೆ. ಬೇಡ ಅನ್ನಲಿಲ್ಲ. ‘ಈ ಬೆಳೆ ಗೂಡು ಮಾರ್ಕೆಟ್ಟಿಗೆ ಹೋಗ್ಲಿ, ಆಮೇಲೆ ಬರ್ತೀನಿ’ ಅಂದರು.

ಹುಳು ಮೂರನೇ ಜ್ವರ ದಾಟಿದೆ ಅಂತ ಅಮ್ಮ ಮೊನ್ನೆ ಹೇಳಿದಳು. ದಿನ ಎಣಿಸುತ್ತಿದ್ದೇನೆ.